ರಾಜಧಾನಿ ತೋರಿಸು ಅಂದಳು ಪೇಡಾ

"ಎರಡು ದಿನ ರಜಾ ಐತಿ. ನಿಮ್ಮ ರಾಜಧಾನಿ ತೋರಸ್ತಿಯೇನ?" ಎಂದು ಪೇಡಾ ಫೋನ್ ಮಾಡಿದಾಗ, ಬೆಂಗಳೂರಿಗೆ ಕರೀತಿದ್ದಾಳೆ ಅಂದುಕೊಂಡೆ. ಹಾಗೇ ಕೇಳಿದೆ.

"ಬೆಂಗಳೂರು ಯಾರಿಗೆ ಬೇಕಾಗೈತಿ? ಮಡಿಕೇರಿ ಲೇ! ರಾಜರು ಇದ್ರಂತಲ್ಲ ಅಲ್ಲೆ?"

ಪೇಡಾ ನನ್ನ ಹಾಸ್ಟೆಲ್ ಗೆಳತಿ. ಮೈಸೂರಿನಲ್ಲಿ ಓದುವಾಗ ಎರಡು ವರ್ಷ ಒಂದೇ ರೂಮು. ಧಾರವಾಡದವಳು, ಅದಕ್ಕೆ ಪೇಡಾ. ಅವಳ ಬಾಯಲ್ಲಿ ನಾನು ಕಿತ್ತಳೆ. ಇಪ್ಪತ್ತು ವರ್ಷ ಆಗಿದೆ, ಇವತ್ತಿಗೂ ಇಬ್ಬರೂ ಹೆಸರು ಹಿಡಿದು ಕರೆದದ್ದಿಲ್ಲ.

ನಮ್ಮ ಮನೆ ಇರೋದು ವಿರಾಜಪೇಟೆಯಲ್ಲಿ. ಬೇತ್ರಿ ಸೇತುವೆ ದಾಟಿ, ಮೂರ್ನಾಡು ಹಾದು ಹೋದರೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ನೋಡಲು ಅಂತ ಹೋದದ್ದು ಒಂದು ಸಲವೂ ಇಲ್ಲ. ನಮಗೆ ಮಡಿಕೇರಿ ಅಂದರೆ ಆಫೀಸು. ಅರ್ಜಿ, ಸಹಿ, ಸೀಲು, "ನಾಳೆ ಬನ್ನಿ". ಅಮ್ಮನಿಗೆ ವಿಷಯ ಹೇಳಿದರೆ, "ಶನಿವಾರ ಹೋಗಿ ಭಾನುವಾರ ಬರೋದಾ? ಭಾನುವಾರ ಯಾವ ಆಫೀಸು ತೆಗೆದಿರುತ್ತೆ?" ಅಂದರು.

ಏನು ತೋರಿಸೋದು ಅಂತ ಫೋನಿನಲ್ಲಿ ಹುಡುಕಿದೆ. ಎಲ್ಲ ಕಡೆ ಅದೇ ಪಟ್ಟಿ: ಅಬ್ಬಿ ಜಲಪಾತ, ಮಾಂದಲಪಟ್ಟಿ ಜೀಪು, ದುಬಾರೆ ಆನೆ, ಬೈಲಕುಪ್ಪೆ ದೇವಸ್ಥಾನ. ಎರಡು ದಿನದಲ್ಲಿ ಇಷ್ಟೆಲ್ಲ ಸುತ್ತಿದರೆ ನೋಡಿದ್ದಕ್ಕಿಂತ ಕಾರಿನಲ್ಲಿ ಕೂತದ್ದೇ ಜಾಸ್ತಿ ಆಗುತ್ತದೆ. ಅವಳು ಕೇಳಿದ್ದು ರಾಜಧಾನಿ. ಹಾಗಾದರೆ ರಾಜಧಾನಿಯನ್ನೇ ತೋರಿಸೋಣ, ಕಾಲಿಗೆ ಎಟುಕದ್ದು ಬೇಡ ಎಂದು ತೀರ್ಮಾನ ಮಾಡಿದೆ. ಇಡೀ ಪ್ರವಾಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರ ಇದೊಂದೇ.

ಕೆಟ್ಟ ನಿರ್ಧಾರ ರೂಮಿನದ್ದು. ಊರಿನವಳು ನಾನು, ನನಗೆ ಗೊತ್ತಿಲ್ವಾ ಅನ್ನೋ ಜಂಬದಲ್ಲಿ, ಫೋಟೋ ನೋಡಿ ಒಂದು ಹೋಂಸ್ಟೇಗೆ 1500 ರೂಪಾಯಿ ಮುಂಗಡ ಕೊಟ್ಟೆ. 'ಮಡಿಕೇರಿ' ಎಂದು ದೊಡ್ಡದಾಗಿ ಬರೆದಿತ್ತು. ಹೊರಡುವ ಹಿಂದಿನ ದಿನ ದಾರಿ ಕೇಳಿದರೆ ಪೇಟೆಯಿಂದ 14 ಕಿಲೋಮೀಟರ್, ಕೊನೆಯ ಎರಡು ಕಿಲೋಮೀಟರ್ ಜೀಪು! ದುಡ್ಡು ವಾಪಸ್ ಬರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹಳೆಯ ಲಾಡ್ಜಿನಲ್ಲಿ ರೂಮು ಹಿಡಿದೆ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು ಮಾತ್ರ, ಆದರೆ ಕಿಟಕಿ ತೆಗೆದರೆ ಊರು. ನಡೆದು ನೋಡುವವರು ಪೇಟೆಯೊಳಗೇ ಇಳಿದುಕೊಳ್ಳಿ. ಹೋಂಸ್ಟೇ ಆದರೆ ಹೆಸರು ನೋಡಬೇಡಿ, ಎಷ್ಟು ಕಿಲೋಮೀಟರ್ ಅಂತ ಕೇಳಿ.

ನವೆಂಬರ್‌ನ ಮೂರನೇ ಶನಿವಾರ. ಮಳೆ ಬಿಟ್ಟಿತ್ತು, ತೋಟಗಳಲ್ಲಿ ಅರೇಬಿಕಾ ಕೆಂಪಾಗುತ್ತಿತ್ತು. ಕೊಡಗಿನಲ್ಲಿ ರೈಲೇ ಇಲ್ಲವಲ್ಲ, ಪೇಡಾ ರಾತ್ರಿ ರೈಲಿನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹುಣಸೂರು, ಕುಶಾಲನಗರ, ಸುಂಟಿಕೊಪ್ಪ ದಾಟಿ ಬಂದಳು. ಇಳಿದವಳೇ ಸ್ವೆಟರ್ ಹಾಕಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ರಾಜ್ಯೋತ್ಸವದ ಬಾವುಟ ಇನ್ನೂ ಹಾರುತ್ತಿತ್ತು.

ಅವಳು ಮಾಂಸ ತಿನ್ನುವವಳಲ್ಲ. ಕೊಡಗಿನ ಊಟ ಅಂದರೆ ಪಂದಿ ಕರಿ ಅನ್ನೋ ಈ ಊರಲ್ಲಿ ಅದೊಂದು ಸಣ್ಣ ಸಮಸ್ಯೆಯೇ. ಎರಡು ಹೋಟೆಲ್ ಕೇಳಿ, ಮೂರನೆಯದರಲ್ಲಿ ಅಕ್ಕಿ ರೊಟ್ಟಿ, ಎಳ್ಳು ಚಟ್ನಿ ಸಿಕ್ಕಿತು. ನಮ್ಮ ರೊಟ್ಟಿಗೆ ಹಿಟ್ಟಿನ ಜೊತೆ ಅನ್ನ ಸೇರಿಸಿ ನಾದುತ್ತಾರೆ, ಮೆತ್ತಗಿರುತ್ತದೆ. ಪೇಡಾ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದೇನಲೇ, ರೊಟ್ಟಿ ಬಗ್ಗತೈತಿ! ರೊಟ್ಟಿ ಅಂದ್ರ ಮುರೀಬೇಕು" ಅಂದಳು. ಅಂದವಳು ನಾಲ್ಕು ತಿಂದಳು.

ಆಮೇಲೆ ಕೋಟೆ. ಬಸ್ ಸ್ಟ್ಯಾಂಡಿನಿಂದ ಏರು ದಾರಿ, ಆದರೆ ದೂರವಿಲ್ಲ. ಹಾಲೇರಿಯಲ್ಲಿದ್ದ ಕೊಡಗಿನ ರಾಜಧಾನಿಯನ್ನು 1681ರಲ್ಲಿ ರಾಜ ಮುದ್ದುರಾಜ ಇಲ್ಲಿಗೆ ತಂದ. ಮುದ್ದುರಾಜನ ಕೇರಿ, ಮಡಿಕೇರಿ. ಅವನು ಕಟ್ಟಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು, ಊರಿಗೆ ಜಾಫರಾಬಾದ್ ಅಂತ ಹೆಸರೂ ಇಟ್ಟ. ಹೆಸರು ನಿಲ್ಲಲಿಲ್ಲ, ಕಲ್ಲು ನಿಂತಿತು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕೋಟೆಯನ್ನು ಮತ್ತೆ ವಶಕ್ಕೆ ತೆಗೆದುಕೊಂಡ. ಈಗ ಕಾಣುವ ಅರಮನೆಯ ರೂಪ 1812ರಿಂದ 1814ರ ನಡುವೆ ಲಿಂಗರಾಜೇಂದ್ರನ ಕಾಲದ್ದು.

ನೇರ ಬಾಗಿಲು ಇಲ್ಲ, ದಾರಿ ತಿರುಗಿ ತಿರುಗಿ ಒಳಗೆ ಹೋಗುತ್ತದೆ. ಶತ್ರು ಒಂದೇ ಓಟದಲ್ಲಿ ನುಗ್ಗಬಾರದು ಎಂದು ಹೀಗೆ ಮಾಡಿದ್ದಾರೆ ಅಂದೆ. "ಅರ್ಜಿ ಕೊಡಾಕ ಬಂದವರಿಗೂ ಇದೇ ದಾರಿಯೇನ?" ಅಂದಳು. ತಮಾಷೆ ಏನೆಂದರೆ, ಹೌದು. ನಾನು ಬೆಳೆಯುವ ಕಾಲಕ್ಕೆ ಡಿಸಿ ಆಫೀಸು ಇದ್ದದ್ದು ಈ ಅರಮನೆಯಲ್ಲೇ. ಕಾಲೇಜಿಗೆ ಸೇರುವಾಗ ಒಂದು ಸರ್ಟಿಫಿಕೇಟಿಗೆ ಅಪ್ಪನ ಜೊತೆ ಬಂದು ಇದೇ ಅಂಗಳದಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ತಲೆ ಎತ್ತಿ ಗಡಿಯಾರದ ಗೋಪುರ ನೋಡಿದ್ದು ಟೈಮ್ ಎಷ್ಟಾಯ್ತು ಅಂತ ಮಾತ್ರ.

ಆ ಗೋಪುರ ರಾಜರದ್ದಲ್ಲ. 1933ರಲ್ಲಿ ಬ್ರಿಟಿಷರು ಸೇರಿಸಿದ್ದು. ಅದರ ಜೊತೆಗೇ ಕಮಿಷನರ್ ಸಾಹೇಬರ ಕಾರು ನಿಲ್ಲಿಸಲು ಒಂದು ಪೋರ್ಟಿಕೋ. ರಾಜನ ಅರಮನೆಗೆ ಕಾರು ಶೆಡ್ಡು! ಇಂಥದ್ದು ಒಂದು ಗೊತ್ತಾದ ಮೇಲೆ ಕಟ್ಟಡ ನೋಡುವ ರೀತಿಯೇ ಬೇರೆಯಾಗುತ್ತದೆ. ಇದು ಯಾರ ಕಾಲದ್ದು, ಇದನ್ನು ಯಾರು ಅಂಟಿಸಿದರು ಎಂದು ಇಬ್ಬರೂ ಪೊಲೀಸರ ಹಾಗೆ ಹುಡುಕತೊಡಗಿದೆವು. ಅರಮನೆಯನ್ನು ಹೊರಗಿನಿಂದಲೇ ಸುತ್ತಿದೆವು.

ಮೂಲೆಯಲ್ಲಿ ಎರಡು ಆನೆ ನಿಂತಿವೆ. ಗಾರೆಯವು, ನಿಜವಾದ ಆನೆಯಷ್ಟೇ ದೊಡ್ಡವು. ರಾಜನಿಗೆ ದಿನಾ ಸಲಾಮು ಹೊಡೆಯುತ್ತಿದ್ದ ಎರಡು ಆನೆಗಳನ್ನು ಅವನು ಯಾವುದೋ ಸಿಟ್ಟಿನಲ್ಲಿ ಕೊಲ್ಲಿಸಿದ, ಆಮೇಲೆ ದುಃಖ ತಡೆಯದೆ ಇವನ್ನು ಮಾಡಿಸಿದ ಎಂದು ಕತೆ. ಮಕ್ಕಳು ಸೊಂಡಿಲಿಗೆ ಜೋತು ಬೀಳುತ್ತಿದ್ದರು. ಅಪ್ಪನ ಜೊತೆ ಬಂದ ದಿನ ಈ ಆನೆ ಇಲ್ಲಿತ್ತೋ ಇಲ್ಲವೋ ನನಗೆ ನೆನಪೇ ಆಗಲಿಲ್ಲ. ಇನ್ನೂರು ವರ್ಷದಿಂದ ನಿಂತಿರೋ ಆನೆ ಎಲ್ಲಿಗೆ ಹೋಗಿರುತ್ತದೆ?

ಕೋಟೆಯೊಳಗೇ ಒಂದು ಚರ್ಚು. ವೀರಭದ್ರನ ಗುಡಿಯನ್ನು 1855ರಲ್ಲಿ ತೆಗೆದು ಆ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಅದೂ ಮುಚ್ಚಿತು, 1971ರಲ್ಲಿ ಮ್ಯೂಸಿಯಂ ಆಯಿತು. ಬಣ್ಣದ ಗಾಜಿನ ಕಿಟಕಿಯ ಬೆಳಕು ವೀರಗಲ್ಲುಗಳ ಮೇಲೆ, ಜೈನ ಮೂರ್ತಿಗಳ ಮೇಲೆ ಬೀಳುತ್ತಿರುತ್ತದೆ. ಒಳ್ಳೆಯ ಜಾಗ. ಜನ ಆನೆ ಹತ್ತಿರ ಸೆಲ್ಫಿ ತೆಗೆದುಕೊಂಡು ವಾಪಸ್ ಹೋಗುತ್ತಾರೆ, ಇಲ್ಲಿಗೆ ಬರುವವರು ಕಡಿಮೆ.

ಹೊರಗೆ ಕಟ್ಟೆಯ ಮೇಲೆ ಕೂತಾಗ ನಾನು ಇನ್ನೊಂದು ವಿಷಯ ಹೇಳಿದೆ. ಮಡಿಕೇರಿ ರಾಜಧಾನಿ ಆಗಿದ್ದು ರಾಜರ ಕಾಲದಲ್ಲಿ ಮಾತ್ರವಲ್ಲ. ಸ್ವಾತಂತ್ರ್ಯದ ನಂತರ ಕೊಡಗು 'ಸಿ' ದರ್ಜೆಯ ರಾಜ್ಯವಾಗಿತ್ತು, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಚಿಕ್ಕ ರಾಜ್ಯ. 1952ರಲ್ಲಿ ಚುನಾವಣೆ ನಡೆಯಿತು. 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು.

ಪೇಡಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರ ನಾವು ಮುಂಬೈ ರಾಜ್ಯದಾಗ ಇದ್ದಾಗ, ನಿಮಗ ನಿಮ್ಮದೇ ಒಂದು ರಾಜ್ಯ ಇತ್ತು?"

"ಇತ್ತು. ಇಬ್ಬರೂ ಸೇರಿದ್ದು ಒಂದೇ ದಿನ."

"ಹಂಗಾದ್ರ ನಾವು ಹಾಸ್ಟೆಲಿಗಿಂತ ಮೊದಲೇ ರೂಮ್‌ಮೇಟ್ಸ್ ಆಗಿದ್ವಿ ನೋಡು" ಅಂದಳು. ಬಸ್ ಸ್ಟ್ಯಾಂಡಿನ ಬಾವುಟ ಆಮೇಲೆ ಇಬ್ಬರಿಗೂ ಬೇರೆ ಥರ ಕಂಡಿತು.

ಸಂಜೆ ರಾಜಾಸೀಟಿಗೆ ಹೊರಟದ್ದು ತಪ್ಪಾಯಿತು. ಶನಿವಾರದ ಸೂರ್ಯಾಸ್ತಕ್ಕೆ ಇಡೀ ಬೆಂಗಳೂರೇ ಬಂದಂತಿತ್ತು. ಕಾರುಗಳ ಸಾಲು ನೋಡಿ ಅರ್ಧಕ್ಕೇ ತಿರುಗಿ ಓಂಕಾರೇಶ್ವರಕ್ಕೆ ಇಳಿದೆವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ದೇವಸ್ಥಾನ. ಗೋಪುರ ಇಲ್ಲ, ಗುಂಬಜ್ ಇದೆ. ನಾಲ್ಕು ಮೂಲೆಗೆ ಮಿನಾರಿನಂಥ ಕಂಬಗಳು. ಎದುರಿಗೆ ಕೆರೆ, ಕೆರೆಯ ನಡುವೆ ಮಂಟಪ. ದೂರದಿಂದ ನೋಡಿದವರು ದರ್ಗಾ ಅಂದುಕೊಂಡರೆ ಆಶ್ಚರ್ಯವಿಲ್ಲ. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ ಪಾಪ ಕಾಡಿತೆಂದು, ಕಾಶಿಯಿಂದ ಲಿಂಗ ತರಿಸಿ ರಾಜ ಇದನ್ನು ಕಟ್ಟಿಸಿದ ಎಂದು ಹೇಳುತ್ತಾರೆ. "ನಿಮ್ಮ ರಾಜರು ಕೊಲ್ಲೋದು, ಆಮ್ಯಾಲೆ ಕಟ್ಟೋದು, ಇದೇ ಆಯ್ತಲ್ಲ" ಅಂದಳು ಪೇಡಾ. ನನ್ನ ಹತ್ತಿರ ಉತ್ತರ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೆರೆಯ ಮೀನುಗಳನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತೆವು. ಆ ಒಂದು ಗಂಟೆ ಯಾವ ಸೂರ್ಯಾಸ್ತಕ್ಕೂ ಕಡಿಮೆಯಿರಲಿಲ್ಲ.

ಭಾನುವಾರ ಬೆಳಿಗ್ಗೆ ರಾಜಾಸೀಟಿನಲ್ಲಿ ವಾಕಿಂಗಿಗೆ ಬಂದ ಊರಿನವರು ಹತ್ತು ಜನ, ನಾವಿಬ್ಬರು. ಕಣಿವೆ ತುಂಬ ಮಂಜು, ಬಟ್ಟಲಿಗೆ ಹಾಲು ಸುರಿದ ಹಾಗೆ. ನೋಡಿದೆವು, ನಡುಗಿದೆವು, ಬೆಲ್ಲದ ಕಾಫಿ ಹುಡುಕಿಕೊಂಡು ಕೆಳಗೆ ಬಂದೆವು.

ಅಲ್ಲಿಂದ ಮಹದೇವಪೇಟೆಯ ರಸ್ತೆ ಹಿಡಿದು ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿಗೆ. ದೊಡ್ಡವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರಿನ ಪೇಟೆ ಅದು. ಏರು ಜಾಸ್ತಿ, ಮಂಡಿ ನೋವಿನವರು ಆಟೋ ಹಿಡಿಯಿರಿ. ಗುಡ್ಡದ ಮೇಲೆ ಹುಲ್ಲುಹಾಸು, ಅದರ ಮೇಲೆ ಗುಂಬಜುಗಳು. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮಾಜಿಯದು, ಒಂದು ಬದಿ ಲಿಂಗರಾಜೇಂದ್ರನದು, ಇನ್ನೊಂದು ಬದಿ ರಾಜಗುರುವಿನದು. ಮತ್ತೆ ಅದೇ ಗುಂಬಜು, ಆದರೆ ಮೂಲೆಗಳಲ್ಲಿ ಬಸವಣ್ಣ ಕೂತಿದ್ದಾನೆ.

ಹಿಂದಿನ ದಿನವೆಲ್ಲ ನಾನು ಗೈಡು. ಇಲ್ಲಿ ಅವಳು. ಗದ್ದಿಗೆ ಅಂದರೆ ಏನು, ಒಳಗೆ ಲಿಂಗ ಯಾಕೆ, ಯಾಕೆ ಸುಡದೆ ಹೂಳುತ್ತಾರೆ, ಎಲ್ಲ ಅವಳಿಗೆ ಮನೆಯ ವಿಷಯ. "ನಿಮ್ಮ ರಾಜರು ನಮ್ಮವರು ಲೇ" ಅಂದಳು. ನಿಜ, ಹಾಲೇರಿ ಅರಸರು ಲಿಂಗಾಯತರು. ಅದು ನನಗೆ ಪಾಠದಲ್ಲಿ ಓದಿದ ಸಾಲು. ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದ ರೀತಿ ನೋಡಿದಾಗಲೇ ಅದು ನನಗೆ ಸರಿಯಾಗಿ ಅರ್ಥವಾದದ್ದು. ಟಿಪ್ಪುವಿನ ಸೇನೆಯ ವಿರುದ್ಧ ಕಾದಾಡಿ ಸತ್ತ ಬಿದ್ದಂಡ ಬೋಪು, ಅವನ ಮಗ ಸೋಮಯ್ಯ ಇಬ್ಬರ ಸಮಾಧಿಯೂ ಇಲ್ಲೇ ಹತ್ತಿರದಲ್ಲಿದೆ. ರಾಜರ ಪಕ್ಕದಲ್ಲೇ ಜಾಗ ಕೊಟ್ಟಿದ್ದಾರೆ. ಅಲ್ಲಿ ಅವಳಿಗೆ ಹೇಳುವ ಸರದಿ ನನ್ನದು.

"ಕಡೀ ರಾಜಂದು ಎಲ್ಲೈತಿ?" ಎಂದು ಕೇಳಿದಳು.

ಇಲ್ಲ. ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಆ ಹುಡುಗಿಗೆ ಅಲ್ಲಿ ದೀಕ್ಷಾಸ್ನಾನ ಕೊಡಿಸಿದರು, ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿ (ಗಾಡ್‌ಮದರ್). ಅಪ್ಪ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ತನ್ನ ತಂದೆ ಲಿಂಗರಾಜೇಂದ್ರನಿಗೆ ಇಷ್ಟು ಚಂದದ ಗದ್ದಿಗೆ ಕಟ್ಟಿಸಿದವನು ಅವನೇ. ತನಗೇ ಇಲ್ಲಿ ಜಾಗ ಸಿಗಲಿಲ್ಲ. ಪೇಡಾ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವಳು ಹಾಗೆ ಸುಮ್ಮನಿರುವವಳಲ್ಲ.

ಹೊರಡುವ ಮೊದಲು ಸನ್ನಿಸೈಡ್. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ. ಹೊರಗೆ ಟ್ಯಾಂಕ್ ನಿಲ್ಲಿಸಿದ್ದಾರೆ. ಬಾಗಿಲಲ್ಲೇ ನನಗೆ ನಗು ಬಂತು. ಮ್ಯೂಸಿಯಂ ಆಗುವ ಮೊದಲು ಇಲ್ಲಿ ಆರ್‌ಟಿಒ ಆಫೀಸು ಇತ್ತು. ನನ್ನ ಡ್ರೈವಿಂಗ್ ಲೈಸೆನ್ಸು ಆದದ್ದು ಇದೇ ಮನೆಯಲ್ಲಿ! "ರಾಜನ ಮನಿ ಡಿಸಿಗೆ, ಜನರಲ್ ಮನಿ ಆರ್‌ಟಿಒಗೆ. ಭಾರಿ ಊರು ನಿಮ್ಮದು" ಅಂದಳು. ಒಳಗೆ ಒಂದು ಗಂಟೆ ಸಾಲದು, ನಮಗೆ ಇದ್ದದ್ದು ಮುಕ್ಕಾಲು ಗಂಟೆ. ಈ ಒಂದು ವಿಷಯದಲ್ಲಿ ನನ್ನ ಲೆಕ್ಕ ತಪ್ಪಿತು. ಶನಿವಾರ ಮಧ್ಯಾಹ್ನ ಕೋಟೆಯ ಜೊತೆಗೇ ಇದನ್ನೂ ಇಟ್ಟುಕೊಳ್ಳಬೇಕಿತ್ತು.

ರಸ್ತೆ ಬದಿಯಲ್ಲಿ ಒಂದು ಡಜನ್ ಕಿತ್ತಳೆ ಕೊಂಡು ಅವಳ ಬ್ಯಾಗಿಗೆ ತುರುಕಿದೆ. ಅವಳು ತಂದಿದ್ದ ಪೇಡಾದ ಡಬ್ಬಿಯಲ್ಲಿ ಉಳಿದಿದ್ದು ನಾಲ್ಕೇ. ಎರಡನ್ನು ಅವಳೇ ತಿಂದು, ಡಬ್ಬಿಯನ್ನು ನನಗೆ ಕೊಟ್ಟು ಮೈಸೂರು ಬಸ್ ಹತ್ತಿದಳು.

ನನ್ನ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಮ್ಮ ಬೀದಿಯ ಹಿರಿಯರು. ಚೀಟಿ ತೆಗೆದುಕೊಂಡ ಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಏನಮ್ಮಾ, ಭಾನುವಾರ ಮಡಿಕೇರಿಯಲ್ಲಿ ಏನು ಕೆಲಸ? ಆಫೀಸು ಇತ್ತಾ?"

"ಇತ್ತು ಅಂಕಲ್, ಅರಮನೆಯಲ್ಲಿ" ಅಂದೆ.

"ಅದು ಅಲ್ಲಿಂದ ಎತ್ತಿ ಎಷ್ಟು ದಿನ ಆಯ್ತು!" ಅಂದರು ಅವರು.