ಬಾಲಮಂದಿರದ ಮಕ್ಕಳಿಗೆ ಮಾರ್ಗದರ್ಶಕಿಯಾಗಿ: ನನ್ನ ಅನುಭವ

ಬ್ಯಾಂಕಿನ ಕೆಲಸದ ಜೊತೆಗೆ ಕೆಲವು ವರ್ಷಗಳಿಂದ ನಾನು ಬಾಲಕಿಯರ ಬಾಲಮಂದಿರವೊಂದರಲ್ಲಿ, ಅಂದರೆ ಆಸರೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಸರ್ಕಾರಿ ವಸತಿಗೃಹದಲ್ಲಿ, ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸ್ವಯಂಸೇವಾ ಮಾರ್ಗದರ್ಶಕಿಯಾಗಿದ್ದೇನೆ. ಊರಿನ ಹೆಸರನ್ನಾಗಲಿ ಮಕ್ಕಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇಂಥ ಮಕ್ಕಳ ಗುರುತನ್ನು ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ; ಕಾಯ್ದೆ ಹೇಳದಿದ್ದರೂ ಇದು ಪಾಲಿಸಲೇಬೇಕಾದ ಮಾತೆಂದು ನಾನು ನಂಬುತ್ತೇನೆ.

ಈ ಮಕ್ಕಳ ಪರವಾಗಿ ತೀರ್ಮಾನ ಮಾಡುವ ಹಿರಿಯರಿಗೆ ಕೊರತೆಯಿಲ್ಲ. ಮಕ್ಕಳ ಕಲ್ಯಾಣ ಸಮಿತಿ, ಅಧೀಕ್ಷಕರು, ಆಪ್ತ ಸಮಾಲೋಚಕರು, ಶಾಲೆಯ ಶಿಕ್ಷಕರು ಎಲ್ಲರೂ ತಮ್ಮ ಪಾಲಿನ ಹೊಣೆ ಹೊತ್ತಿರುತ್ತಾರೆ. ಆದರೆ ಹತ್ತಾರು ಮಕ್ಕಳ ಊಟ, ಶಾಲೆ, ಆರೋಗ್ಯ, ಕಡತಗಳ ನಡುವೆ ಒಬ್ಬಳನ್ನೇ ಕೂರಿಸಿಕೊಂಡು ‘ನಿನಗೆ ಏನಾಗಬೇಕೆಂದಿದೆ’ ಎಂದು ಕೇಳಿ, ಉತ್ತರ ಬರುವವರೆಗೂ ಕಾಯುವಷ್ಟು ಬಿಡುವು ಅವರಿಗೆ ಸಿಗುವುದು ಕಷ್ಟ. ಆ ಬಿಡುವು ಇರುವುದು ಹೊರಗಿನಿಂದ ಬರುವ ನಮಗೆ. ಮಗುವಿನ ಅಭಿಪ್ರಾಯ ಕೇಳಬೇಕೆಂಬುದು ಅದೇ ಕಾಯ್ದೆಯ 3ನೇ ಕಲಮಿನಲ್ಲಿರುವ ತತ್ವಗಳಲ್ಲೊಂದು. ಅದನ್ನು ನಿಜವಾಗಿ ನಡೆಸಿಕೊಡುವುದೇ ಮಾರ್ಗದರ್ಶಕರ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ.

ಸೇರುವ ಕ್ರಮ ಸರಳವಾಗಿತ್ತು. ಅಧೀಕ್ಷಕರ ಮೂಲಕ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟೆ, ಪೊಲೀಸ್ ಪರಿಶೀಲನಾ ಪತ್ರ ಒದಗಿಸಿದೆ, ಮಕ್ಕಳ ರಕ್ಷಣೆಯ ನಿಯಮಗಳಿಗೆ ಸಹಿ ಹಾಕಿದೆ. ಸಿಬ್ಬಂದಿಯ ಕಣ್ಣಿಗೆ ಬೀಳುವ ಜಾಗದಲ್ಲೇ ಮಾತನಾಡುವುದು, ಫೋಟೊ ತೆಗೆಯದಿರುವುದು, ಒಬ್ಬಳಿಗೇ ಉಡುಗೊರೆ ತರದಿರುವುದು ಇವೆಲ್ಲ ಮೊದಲ ದಿನದಿಂದಲೂ ಪಾಲಿಸುತ್ತಿರುವ ಕಟ್ಟುಪಾಡುಗಳು. ‘ಇಲ್ಲಿಗೆ ಯಾಕೆ ಬಂದೆ’ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಅದೇ ಪ್ರಶ್ನೆಗೆ ಅವರು ಆಗಲೇ ಹಲವರ ಮುಂದೆ ಉತ್ತರಿಸಿ ದಣಿದಿರುತ್ತಾರೆ.

ಹೊಸ ಸ್ವಯಂಸೇವಕರಿಗೆ ನಾನು ಒತ್ತಿ ಹೇಳುವ ಸಂಗತಿಯೊಂದಿದೆ. ಮಗು ಗುಟ್ಟೊಂದನ್ನು ಹೇಳಲು ಹೊರಟಾಗ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ವಿಧಿಸುತ್ತದೆ. ಆದ್ದರಿಂದ ಪರಿಚಯವಾಗುವ ದಿನಗಳಲ್ಲೇ ನಾನು ಇದನ್ನು ಬಿಡಿಸಿ ಹೇಳುತ್ತೇನೆ: ‘ನಿನ್ನ ಮಾತನ್ನು ಕಂಡವರ ಮುಂದೆಲ್ಲ ಆಡುವುದಿಲ್ಲ, ಆದರೆ ನಿನಗೆ ಅಪಾಯವಿದೆ ಎಂದು ಗೊತ್ತಾದರೆ ಹೇಳಬೇಕಾದವರಿಗೆ ಹೇಳುತ್ತೇನೆ, ಅದಕ್ಕೆ ಮೊದಲು ನಿನಗೂ ತಿಳಿಸುತ್ತೇನೆ.’ ಇಷ್ಟು ನೇರವಾಗಿ ಹೇಳಿದ್ದರಿಂದ ಮಕ್ಕಳು ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಂಡಿಲ್ಲ.

ಹತ್ತನೇ ತರಗತಿಯಲ್ಲಿದ್ದ ಒಬ್ಬ ಹುಡುಗಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ಅವಳು ನರ್ಸಿಂಗ್ ಅಥವಾ ಹೊಲಿಗೆ ಕಲಿಯಲಿ ಎಂಬುದು ಸುತ್ತಲಿನವರ ಸದುದ್ದೇಶದ ಸಲಹೆಯಾಗಿತ್ತು, ಮತ್ತು ಅವಳು ಎಲ್ಲದಕ್ಕೂ ‘ಆಯ್ತು ಅಕ್ಕ’ ಎನ್ನುತ್ತಿದ್ದಳು. ದೊಡ್ಡವರನ್ನು ಬೇಸರಪಡಿಸದೆ ಇರುವುದನ್ನೇ ಕಲಿತ ಮಗುವಿನ ಒಪ್ಪಿಗೆ ಅದು. ಅದನ್ನು ಅವಳ ನಿರ್ಧಾರವೆಂದು ಎಣಿಸಲು ನನಗೆ ಮನಸ್ಸಾಗಲಿಲ್ಲ. ಹಾಸ್ಟೆಲಿನ ಸ್ವಿಚ್ ಬೋರ್ಡು ರಿಪೇರಿಗೆ ಬಂದವರ ಪಕ್ಕದಿಂದ ಅವಳು ಕದಲುತ್ತಿರಲಿಲ್ಲ ಎಂಬುದು ಅಡುಗೆಯವರ ಮಾತಿನಿಂದ ತಿಳಿಯಿತು. ಅಧೀಕ್ಷಕರ ಲಿಖಿತ ಅನುಮತಿ ಪಡೆದು, ಸಿಬ್ಬಂದಿಯೊಬ್ಬರ ಜೊತೆಯಲ್ಲಿ ಅವಳನ್ನು ಐಟಿಐಗೂ ಸರ್ಕಾರಿ ಪಾಲಿಟೆಕ್ನಿಕ್‌ಗೂ ನರ್ಸಿಂಗ್ ಕಾಲೇಜಿಗೂ ಕರೆದುಕೊಂಡು ಹೋದೆವು. ಪ್ರಶ್ನೆಗಳನ್ನು ಅವಳೇ ಮೊದಲೇ ಬರೆದುಕೊಂಡಿದ್ದಳು, ಅವಳೇ ಕೇಳಿದಳು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ, ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು ಎಂಬುದೆಲ್ಲ ಅವಳ ನೋಟ್ ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಸೇರಿತು. ಕೆಲವು ವಾರಗಳಾದ ಮೇಲೆ ತಾನಾಗಿಯೇ ಎಲೆಕ್ಟ್ರಿಕಲ್ ಡಿಪ್ಲೊಮಾ ಎಂದಳು. ಎಸ್ಸೆಸ್ಸೆಲ್ಸಿಯ ಮೊದಲ ಪರೀಕ್ಷೆಯಲ್ಲಿ ಗಣಿತ ಉಳಿದುಕೊಂಡಿತು. ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಿದ್ದರಿಂದ ಎರಡನೆಯದರಲ್ಲಿ ಪಾಸಾದಳು.

ಇನ್ನು ಕಾಗದಪತ್ರಗಳ ಕೆಲಸ. ನನ್ನ ಅನುಭವದಲ್ಲಿ ಈ ಮಕ್ಕಳ ಓದು ನಿಂತುಹೋಗುವ ಅಪಾಯ ಹೆಚ್ಚಾಗಿರುವುದು ಇಲ್ಲಿಯೇ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ತಂದೆತಾಯಿಯ ದಾಖಲೆ ಕೇಳಿದಾಗ ಏನು ತೋರಿಸಬೇಕು, ಹುಟ್ಟಿದ ತಾರೀಕು ಶಾಲೆಯಲ್ಲಿ ಒಂದು ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಯಾರ ಬಳಿ ಹೋಗಬೇಕು ಎಂಬ ಪ್ರಶ್ನೆಗಳಿಗೆ ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ ಓಡಾಡಿ ಉತ್ತರ ಹುಡುಕುತ್ತಾರೆ. ಇಲ್ಲಿ ಆ ಓಡಾಟವನ್ನು ಯಾರಾದರೂ ವಹಿಸಿಕೊಳ್ಳಬೇಕು. ಹದಿನೈದು ತುಂಬಿದಾಗ ಆಧಾರ್‌ನ ಬೆರಳಚ್ಚನ್ನು ಹೊಸದಾಗಿ ಕೊಡಬೇಕು, ಮತ್ತು ವಿದ್ಯಾರ್ಥಿವೇತನ ಬರುವುದು ಆಧಾರ್ ಜೋಡಣೆಯಾದ ಖಾತೆಗೇ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕಿನ ನಿಯಮಗಳು ಅವಕಾಶ ಕೊಟ್ಟಿವೆ. ಹಾಗಾಗಿ ಚಲನ್ ತುಂಬುವುದನ್ನೂ ಪಾಸ್‌ಬುಕ್ ಓದುವುದನ್ನೂ ಒಟಿಪಿ ಯಾರಿಗೂ ಹೇಳದಿರುವುದನ್ನೂ ಎಲ್ಲ ಹುಡುಗಿಯರಿಗೂ ಕಲಿಸಿದ್ದೇನೆ. ಅರ್ಜಿಗಳನ್ನು ನಾನು ತುಂಬಿಕೊಡುವುದಿಲ್ಲ; ಪಕ್ಕದಲ್ಲಿ ಕೂತು ಅವರಿಂದಲೇ ತುಂಬಿಸುತ್ತೇನೆ, ಸಮಯ ಹಿಡಿದರೂ ಸರಿ.

ಹದಿನೆಂಟು ತುಂಬಿದ ಮೇಲೆ ಬಾಲಮಂದಿರ ಬಿಡಬೇಕು. ಆಮೇಲೆ ಇಪ್ಪತ್ತೊಂದರವರೆಗೆ ಪಶ್ಚಾತ್ ಪಾಲನೆಯ ನೆರವಿಗೆ, ಅಂದರೆ ಹೊರಗೆ ಬಂದವರು ತಮ್ಮ ಕಾಲ ಮೇಲೆ ನಿಲ್ಲಲು ಕೊಡುವ ನೆರವಿಗೆ, ಬಾಲನ್ಯಾಯ ಕಾಯ್ದೆಯಲ್ಲೇ ಅವಕಾಶವಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಆ ಮಾತನ್ನು ಹದಿನೆಂಟರ ಹೊಸ್ತಿಲಲ್ಲಿ ಎತ್ತಿದರೆ ತಡವಾಗುತ್ತದೆಂದು, ಹದಿನೇಳು ತುಂಬಿದ ಕೂಡಲೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಜೊತೆ ಮಾತು ಶುರುಮಾಡುವ ಕ್ರಮ ಇಟ್ಟುಕೊಂಡಿದ್ದೇನೆ. ಆ ಹುಡುಗಿ ಈಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಳೆ. ತನ್ನ ಪಶ್ಚಾತ್ ಪಾಲನೆಯ ಅರ್ಜಿಯನ್ನು ತಾನೇ ಬರೆದು, ಘಟಕದ ಅಧಿಕಾರಿಗಳನ್ನು ತಾನೇ ಭೇಟಿಯಾಗಿ, ಕಾಲೇಜಿನ ಹತ್ತಿರ ಉಳಿದುಕೊಳ್ಳಲು ಮಹಿಳಾ ಹಾಸ್ಟೆಲುಗಳ ಬಾಡಿಗೆ ವಿಚಾರಿಸುತ್ತಿದ್ದಾಳೆ.