ಮೊದಲ ಸಲ ಪೋಲೋ ನೋಡಲು ಹೋಗುವವರಿಗೆ

ಪೋಲೋ ಅಂದರೆ ಕುದುರೆ ಏರಿ ಉದ್ದ ಕೋಲಿನಿಂದ ಚೆಂಡನ್ನು ಗೋಲಿಗೆ ಹೊಡೆಯುವ ಆಟ. ಮೊದಲು ಮೈದಾನದವರಿಗೆ ಫೋನ್ ಮಾಡಿ, ಆಮೇಲೆ ಹೊರಡಿ. ರಾತ್ರಿ ಜೋರು ಮಳೆ ಬಿದ್ದಿದ್ದರೆ ಪೋಲೋ ಆಟ ಇರುವುದಿಲ್ಲ. ಒದ್ದೆ ನೆಲದ ಮೇಲೆ ಓಡುವ ಕುದುರೆಯನ್ನು ತಟ್ಟನೆ ತಿರುಗಿಸಿದರೆ ಅದರ ಕಾಲು ಜಾರುತ್ತದೆ, ಹುಲ್ಲೂ ಕಿತ್ತುಹೋಗುತ್ತದೆ. ನಮ್ಮ ಮೈಸೂರಿನಲ್ಲಂತೂ ಮೇ ತಿಂಗಳ ಸಂಜೆ ಮಳೆ, ದಸರಾ ಹೊತ್ತಿನ ಮಳೆ ಎರಡನ್ನೂ ನಂಬುವ ಹಾಗಿಲ್ಲ. ಫೋನಿನಲ್ಲಿ ಮೂರೇ ಮಾತು ಕೇಳಿ. ಆಟ ಇದೆಯಾ, ಹೊರಗಿನವರು ಬರಬಹುದಾ, ಗಾಡಿ ಎಲ್ಲಿ ನಿಲ್ಲಿಸಬೇಕು. ಮೈದಾನ ಸೇನೆಯ ಜಾಗದಲ್ಲಿದ್ದರೆ ಗುರುತಿನ ಚೀಟಿ ಇಟ್ಟುಕೊಳ್ಳಿ.

ನಾನು ಲಾಳ ಕಟ್ಟುವವನು. ನಮ್ಮಪ್ಪ ಮಂಡ್ಯ ಕಡೆಯ ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದರು. ಎತ್ತಿನ ಗೊರಸು ಸೀಳಿರುತ್ತೆ, ಹಾಗಾಗಿ ಕಾಲಿಗೆ ಎರಡರಂತೆ ಒಟ್ಟು ಎಂಟು. ಕುದುರೆಗೆ ನಾಲ್ಕೇ. ಮೈಸೂರಿಗೆ ಬಂದ ಮೇಲೆ ನಾನು ಟಾಂಗಾ ಕುದುರೆಗಳಿಂದ ಶುರು ಮಾಡಿದೆ. ಈಗ ಊರ ಹೊರಗಿನ ಒಂದು ಸಣ್ಣ ಮೈದಾನದ ಪೋಲೋ ಕುದುರೆಗಳಿಗೂ ನಾನೇ ಲಾಳ ಕಟ್ಟುತ್ತೇನೆ. ಭಾನುವಾರ ಸಂಜೆ ಅಲ್ಲಿ ಅಭ್ಯಾಸದ ಆಟ ನಡೆಯುತ್ತದೆ. ನೆಂಟರು, ಪರಿಚಯದವರು ನೋಡಲು ಬರುತ್ತಾರೆ. ಮೊದಲ ಸಲ ಬಂದವರೆಲ್ಲ ಚೆಂಡನ್ನು ಹುಡುಕುತ್ತಾ ಕೂರುತ್ತಾರೆ. ಪೂರ್ತಿ ಅಳತೆಯ ಪೋಲೋ ಮೈದಾನ ಸುಮಾರು 275 ಮೀಟರ್ ಉದ್ದ. ಚೆಂಡು ಒಂದು ಮೂಸಂಬಿ ಹಣ್ಣಿನಷ್ಟು. ಆ ಕಡೆ ಗೋಲಿನ ಹತ್ತಿರ ಹೋದರೆ ಎಲ್ಲಿ ಕಾಣುತ್ತೆ ಹೇಳಿ? ಹತ್ತು ನಿಮಿಷಕ್ಕೆ ಬೇಜಾರಾಗಿ ಮೊಬೈಲ್ ತೆಗೆಯುತ್ತಾರೆ. ಅದಕ್ಕೇ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಕುದುರೆಯನ್ನು ನೋಡಿ.

ಅದಕ್ಕಾಗಿ ಅರ್ಧ ಗಂಟೆ ಮೊದಲೇ ಬನ್ನಿ. ಕುದುರೆಗಳನ್ನು ಸಾಲಾಗಿ ಕಟ್ಟಿರುವ ಜಾಗ ಎಲ್ಲಿದೆ ಎಂದು ಕೇಳಿ, ಕುದುರೆ ನೋಡಿಕೊಳ್ಳುವ ಸೈಸ್‌ಗಳ ಅಪ್ಪಣೆ ಪಡೆದು ದೂರ ನಿಂತು ನೋಡಿ. ಬಾಲವನ್ನು ಜಡೆ ಹಾಕಿ, ಮೇಲಕ್ಕೆ ಮಡಚಿ, ಪಟ್ಟಿ ಸುತ್ತಿರುತ್ತಾರೆ. ಕತ್ತಿನ ಮೇಲಿನ ಕೂದಲನ್ನು ಪೂರ್ತಿ ಬೋಳಿಸಿರುತ್ತಾರೆ. ಅಂದಕ್ಕಲ್ಲ. ಬೀಸುವ ಕೋಲಿಗೂ ಲಗಾಮು ಹಿಡಿದ ಕೈಗೂ ಕೂದಲು ಸಿಕ್ಕಿಕೊಳ್ಳಬಾರದು. ನಾಲ್ಕೂ ಕಾಲಿಗೆ ದಪ್ಪ ಬ್ಯಾಂಡೇಜ್ ಕಟ್ಟುತ್ತಾರೆ, ಚೆಂಡಿನ ಏಟು ಕೋಲಿನ ಏಟು ಎರಡೂ ಬೀಳುವುದು ಅಲ್ಲಿಗೇ.

ಸೈಸ್ ಕಾಲೆತ್ತಿ ಗೊರಸು ಕೆರೆಯುವಾಗ ಲಾಳ ಗಮನಿಸಿ. ಟಾಂಗಾ ಕುದುರೆಯ ಲಾಳ ಚಪ್ಪಟೆ. ಅದು ಡಾಂಬರಿನ ಮೇಲೆ ನೇರ ನಡೆಯುವ ಪ್ರಾಣಿ. ಪೋಲೋ ಕುದುರೆಯ ಮುಂಗಾಲಿನ ಲಾಳದಲ್ಲಿ ಒಳ ಅಂಚು ಹೊರ ಅಂಚಿಗಿಂತ ಎತ್ತರ ಇರುತ್ತೆ. ಓಡುತ್ತಿರುವಾಗಲೇ ನಿಂತು ಹಿಂದಕ್ಕೆ ತಿರುಗಬೇಕಲ್ವಾ, ಆ ಅಂಚು ಹುಲ್ಲನ್ನು ಕಚ್ಚಿ ಹಿಡಿಯುತ್ತದೆ, ಆದರೆ ಗೊರಸು ಸಲೀಸಾಗಿ ತಿರುಗಲೂ ಬಿಡುತ್ತದೆ. ಮೊಳೆ ಹೊಡೆದ ಮೇಲೆ ಗೊರಸಿನ ಗೋಡೆಯಿಂದ ಹೊರಗೆ ಬಂದ ತುದಿಯನ್ನು ಮುರಿದು, ಮಡಚಿ, ಅರದಿಂದ ನಯ ಮಾಡುತ್ತೇನೆ. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತೇನೆ. ಎಲ್ಲಾದರೂ ಒಂದಿಷ್ಟು ತರಚಿದರೂ ಮತ್ತೆ ಅರ ತೆಗೆಯುತ್ತೇನೆ. ಆ ಚೂಪು ಅದರದೇ ಇನ್ನೊಂದು ಕಾಲನ್ನು ಕುಯ್ಯುತ್ತೆ.

ಇನ್ನು ಆಟ. ಪೂರ್ತಿ ಮೈದಾನದಲ್ಲಿ ತಂಡಕ್ಕೆ ನಾಲ್ಕು ಜನ. ನಮ್ಮಲ್ಲಿ ಜಾಗ ಕಡಿಮೆ, ಮೂರು ಮೂರು ಜನ ಆಡುತ್ತಾರೆ. ಆಟದ ಒಂದೊಂದು ಭಾಗಕ್ಕೆ ಚಕ್ಕರ್ ಎನ್ನುತ್ತಾರೆ, ಸುಮಾರು ಏಳೂವರೆ ನಿಮಿಷ. ಪ್ರತಿ ಚಕ್ಕರ್ ಮುಗಿದಾಗ ಕುದುರೆ ಬದಲಾಗುತ್ತದೆ. ಅಷ್ಟು ಹೊತ್ತಿನ ಓಟಕ್ಕೇ ಅದು ಬೆವರಿ ನೊರೆ ಕಟ್ಟಿರುತ್ತದೆ. ಕೋಲನ್ನು ಬಲಗೈಯಲ್ಲೇ ಹಿಡಿಯಬೇಕು, ಎಡಚರಿಗೂ ವಿನಾಯಿತಿ ಇಲ್ಲ. ಎದುರುಬದುರು ಬರುವ ಇಬ್ಬರು ಬೇರೆ ಬೇರೆ ಕೈಯಲ್ಲಿ ಆಡಿದರೆ ಕುದುರೆಗಳು ಡಿಕ್ಕಿ ಹೊಡೆಯುತ್ತವೆ. ಗೋಲು ಬಿದ್ದ ಕೂಡಲೇ ತಂಡಗಳು ದಿಕ್ಕು ಬದಲಿಸುತ್ತವೆ. ಇದು ಗೊತ್ತಿಲ್ಲದೆ ನನ್ನ ಭಾವಮೈದ ಒಂದು ಚಕ್ಕರ್ ಪೂರ್ತಿ ಎದುರು ತಂಡಕ್ಕೆ ಚಪ್ಪಾಳೆ ತಟ್ಟಿದ. ಬೋರ್ಡಿನಲ್ಲಿ ಆಟಕ್ಕೆ ಮೊದಲೇ ಒಂದು ತಂಡಕ್ಕೆ ಒಂದೂವರೆ ಗೋಲು ಬರೆದಿದ್ದರೂ ತಪ್ಪಲ್ಲ. ಪ್ರತಿ ಆಟಗಾರನಿಗೂ ಅವನ ಆಟದ ಮಟ್ಟಕ್ಕೆ ತಕ್ಕಂತೆ ಮೈನಸ್ 2ರಿಂದ 10ರವರೆಗೆ ಒಂದು ಅಂಕ ಇರುತ್ತದೆ. ಕಡಿಮೆ ಅಂಕದ ತಂಡಕ್ಕೆ ಕೊಡುವ ಮುಂಗಡ ಅದು.

ನಿಯಮಗಳಲ್ಲಿ ಒಂದನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ಹೊಡೆದ ಚೆಂಡು ಹೋದ ದಾರಿಯನ್ನು ಒಂದು ರಸ್ತೆ ಅಂದುಕೊಳ್ಳಿ. ಆ ರಸ್ತೆಯಲ್ಲಿ ಚೆಂಡಿನ ಹಿಂದೆ ಬರುತ್ತಿರುವವನಿಗೆ ಹಕ್ಕು. ಬೆಂಗಳೂರು ಹೆದ್ದಾರಿಗೆ ಸರ್ವಿಸ್ ರಸ್ತೆಯಿಂದ ಬೈಕ್ ನುಗ್ಗಿದರೆ ಏನಾಗುತ್ತೆ ಗೊತ್ತಲ್ಲ, ಹಾಗೆ ಅಡ್ಡ ನುಗ್ಗಿದರೆ ಫೌಲ್. ಪಕ್ಕದಿಂದ ಬಂದು, ಅದೇ ವೇಗದಲ್ಲಿ ಜೊತೆಗೆ ಓಡುತ್ತಾ, ಭುಜಕ್ಕೆ ಭುಜ ಒತ್ತಿ ಎದುರಾಳಿಯನ್ನು ದಾರಿಯಿಂದ ತಳ್ಳಬಹುದು. ಆಗ ಕುದುರೆಗಳ ಕಿವಿ ನೋಡಿ. ಒಳ್ಳೆಯ ಕುದುರೆ ಸವಾರ ಹೇಳುವ ಮೊದಲೇ ಮೈ ವಾಲಿಸುತ್ತದೆ. ನಮ್ಮಲ್ಲೊಂದು ಕಂದು ಹೆಣ್ಣು ಕುದುರೆ ಇದೆ, ಮೊದಲು ರೇಸಿನಲ್ಲಿ ಓಡುತ್ತಿತ್ತು. ಬಂದ ಹೊಸದರಲ್ಲಿ ಪಕ್ಕದಲ್ಲಿ ಇನ್ನೊಂದು ಕುದುರೆ ಬಂದರೆ ಸುಮ್ನೆ ಮುಂದಕ್ಕೆ ಹಾರಿಬಿಡುತ್ತಿತ್ತು. ಈಗ ತಾನೇ ಹೋಗಿ ಒತ್ತುತ್ತದೆ. ಅದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಆ ಒಂದು ಕ್ಷಣ ನೋಡಲು ನಾನು ಭಾನುವಾರ ಕಾಯುತ್ತೇನೆ.

ಕೂರುವ ಜಾಗದ ವಿಷಯದಲ್ಲಿ ಹಟ ಮಾಡಬೇಡಿ. ಮೈದಾನದ ಉದ್ದದ ಬದಿ, ಮಧ್ಯಭಾಗದ ಎದುರು, ಗೆರೆಯಿಂದ ಹಿಂದೆ ಸರಿದು ಕುಳಿತುಕೊಳ್ಳಿ. ಗೋಲಿನ ಹಿಂದೆ ಬೇಡವೇ ಬೇಡ. ಓಡುವ ಕುದುರೆ ಗೆರೆ ಬಂತೆಂದು ಅಲ್ಲೇ ನಿಲ್ಲುವುದಿಲ್ಲ. ಮಕ್ಕಳ ಕೈ ಹಿಡಿದುಕೊಳ್ಳಿ. ನಾಯಿ, ಬಲೂನು ಮನೆಯಲ್ಲೇ ಇರಲಿ. ಕೊಡೆಯನ್ನಂತೂ ಬಿಚ್ಚಲೇಬೇಡಿ. ಎರಡು ವರ್ಷದ ಹಿಂದೆ ಹನಿ ಬಿತ್ತೆಂದು ನಮ್ಮ ಅಕ್ಕ ಪಟ್ ಅಂತ ಬಟನ್ ಕೊಡೆ ಬಿಚ್ಚಿದಳು. ಹತ್ತಿರ ನಡೆಸುತ್ತಿದ್ದ ಒಂದು ಎಳೆಯ ಕುದುರೆ ಬೆದರಿ ಎರಡು ಕಾಲಿನ ಮೇಲೆ ನಿಂತಿತು. ಸೈಸ್ ಹುಡುಗ ಹಗ್ಗ ಬಿಡಲಿಲ್ಲ, ಅಂಗೈ ಚರ್ಮ ಕಿತ್ತುಹೋಯಿತು. ತಪ್ಪು ನನ್ನದು, ಅವಳಿಗೆ ಮೊದಲೇ ಹೇಳಬೇಕಿತ್ತು. ಟೋಪಿ ಹಾಕಿಕೊಂಡು ಬನ್ನಿ, ಮಳೆಗೆ ರೇನ್‌ಕೋಟ್ ತನ್ನಿ.

ಹೀಲ್ಸ್ ಚಪ್ಪಲಿ ಬೇಡ. ಅರ್ಧ ಆಟ ಮುಗಿದಾಗ ಎಷ್ಟೋ ಕಡೆ ನೋಡಲು ಬಂದವರನ್ನೂ ಮೈದಾನಕ್ಕೆ ಕರೆಯುತ್ತಾರೆ. ಗೊರಸಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಕಾಲಿನಿಂದ ತಿರುವಿ, ಗುಂಡಿಗೆ ಕೂರಿಸಿ, ತುಳಿದು ಸಮ ಮಾಡಬೇಕು. ಆಟ ಅಂತ ಅಂದುಕೊಂಡು ಓಡಾಡಬೇಡಿ, ಮನಸ್ಸಿಟ್ಟು ತುಳಿಯಿರಿ. ಮುಂದಿನ ಚಕ್ಕರ್‌ನಲ್ಲಿ ಆ ಗುಂಡಿಗೆ ಒಂದು ಕಾಲು ಬಿದ್ದರೆ ಮೂಳೆ ಮುರಿಯಬಹುದು.

ಇದು ರಾಜರ ಆಟ, ನಮಗ್ಯಾಕೆ ಎಂದು ಕೆಲವರು ಕೇಳುತ್ತಾರೆ. ಈಗಿನ ಪೋಲೋ ಹುಟ್ಟಿದ್ದು ಮಣಿಪುರದ ಸಗೋಲ್ ಕಾಂಗ್ಜೈ ಆಟದಿಂದ, ಅಲ್ಲಿ ಊರಿನ ಜನರೂ ಆಡುತ್ತಿದ್ದರು. ನಮ್ಮೂರಿನಲ್ಲಿ ನಾಲ್ವಡಿಯವರು ಪೋಲೋ ಆಡುತ್ತಿದ್ದರು, ನಿಜ. ಆದರೆ ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನುಗ್ಗಿದಾಗ ಜೀನಿನ ಮೇಲಿದ್ದವರು ಸಾಮಾನ್ಯ ಮನೆಯ ಹುಡುಗರು. ಆ ಪಡೆ ಮುಂದೆ ಭಾರತೀಯ ಸೇನೆಯ ಕುದುರೆ ದಳವಾದ 61ನೇ ಕ್ಯಾವಲ್ರಿಯಲ್ಲಿ ಸೇರಿತು. ಪೋಲೋ ಆಟಗಾರರಿಗೆ ಅದು ಇವತ್ತಿಗೂ ದೊಡ್ಡ ಹೆಸರು.

ಆಟ ಮುಗಿದ ತಕ್ಷಣ ಎದ್ದು ಹೋಗಬೇಡಿ. ಸೈಸ್‌ಗಳು ಜೀನು ಇಳಿಸಿ, ಉಸಿರು ಇಳಿಯುವವರೆಗೆ ಕುದುರೆಗಳನ್ನು ನಿಧಾನ ನಡೆಸುತ್ತಾರೆ, ನೀರು ಹಾಕಿ ಮೈ ತಂಪು ಮಾಡುತ್ತಾರೆ. ಕ್ಯಾರೆಟ್ ತಂದಿದ್ದರೆ ಸೈಸ್‌ನ ಕೇಳಿ ಕೊಡಿ. ಬೆರಳು ಒಟ್ಟಿಗೆ ಸೇರಿಸಿ, ಅಂಗೈ ಚಪ್ಪಟೆ ಮಾಡಿ, ಅದರ ಮೇಲಿಟ್ಟು ಹಿಡಿಯಿರಿ. ಪಕ್ಕದಿಂದ, ಅದಕ್ಕೆ ಕಾಣುವ ಹಾಗೆ ಹೋಗಿ, ಹಿಂದಿನಿಂದ ಬೇಡ. ಕುದುರೆಗಳೆಲ್ಲ ಲಾಯಕ್ಕೆ ಹೋದ ಮೇಲೆ ಗಾಡಿ ಸ್ಟಾರ್ಟ್ ಮಾಡಿ. ಗೇಟ್ ದಾಟುವವರೆಗೆ ಹಾರ್ನ್ ಹೊಡೆಯಬೇಡಿ.