ಮಲ್ಚಿಂಗ್ ಶೀಟಲ್ಲಿ ಆಕಾಶ ಮಾಡಿದ್ದು

ಮಗಳ ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರೆಲ್ಲ ಕೂತು ಬಾಹ್ಯಾಕಾಶದ ಸಿನಿಮಾ ನೋಡಬೇಕು, ಹಾಲ್ ರಾಕೆಟ್ ಒಳಗಿನ ಹಾಗೆ ಇರಬೇಕು ಅಂತ ಅವಳ ಆಸೆ. ತರಿಸಿದ ಅಲಂಕಾರದ ಸಾಮಾನು ಹಿಂದಿನ ದಿನವೂ ಬರಲಿಲ್ಲ. ಜೊತೆಗೆ ನಮ್ಮ ಹಾಸನದ ಮನೆ ಹಾಲಿಗೆ ಎರಡು ದೊಡ್ಡ ಕಿಟಕಿ, ಸಂಜೆ ನಾಲ್ಕಕ್ಕೆ ಪ್ರೊಜೆಕ್ಟರ್ ಹಾಕಿದರೆ ಏನೂ ಕಾಣಲ್ಲ.

ಎರಡಕ್ಕೂ ಒಂದೇ ದಾರಿ ಸಿಕ್ಕಿತು. ತರಕಾರಿ ಸಾಲಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಮಲ್ಚಿಂಗ್ ಶೀಟ್ ಇದೆಯಲ್ವಾ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೆಳ್ಳಿ ಬಣ್ಣ. ಭಾವನ ಹೊಲದಲ್ಲಿ ಉಳಿದಿದ್ದನ್ನು ತಂದು, ಅಂಗಳದಲ್ಲಿ ಕಪ್ಪು ಮೇಲೆ ಬರುವ ಹಾಗೆ ಹಿಡಿದು, ಉರಿಯುವ ಊದುಬತ್ತಿಯ ತುದಿ ತಾಗಿಸಿದೆ. ಚಿಕ್ಕ ದುಂಡನೆ ತೂತು, ಅಂಚು ಹರಿಯಲ್ಲ. ಸೂಜಿಯಲ್ಲಿ ಚುಚ್ಚಿದ್ದು ಎಳೆದ ತಕ್ಷಣ ಹರಿದಿತ್ತು. ಸಪ್ತರ್ಷಿ ಮಂಡಲಕ್ಕೆ ಏಳು ತೂತು. ಕಪ್ಪು ಕಡೆಯಿಂದಲೇ ಗುರುತು ಹಾಕಿ, ಇಲ್ಲದಿದ್ದರೆ ಒಳಗಿಂದ ಎಡಬಲ ತಿರುಗಿ ಕಾಣುತ್ತೆ. ಕಪ್ಪು ಕಡೆ ಒಳಗೆ ಬರುವ ಹಾಗೆ ಕಿಟಕಿಗೆ ಕಟ್ಟಿದ ಮೇಲೆ ಹೊರಗಿನ ಬಿಸಿಲೇ ನಕ್ಷತ್ರವಾಯಿತು!

ಮಿಕ್ಕ ತುಂಡಿನ ಬೆಳ್ಳಿ ಕಡೆ ರಾಕೆಟ್ಟಿಗೆ ಸುತ್ತಿದೆ. ಅತ್ತೆಯ ಟೇಬಲ್ಲೇ ಕಂಟ್ರೋಲ್ ರೂಮ್. ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ನಮ್ಮೂರಲ್ಲೇ ಇದೆ ಅಂತ ಅವರು ಹೇಳಿದಾಗ ಮಕ್ಕಳು ಕೇಕ್ ಬಿಟ್ಟು ಅವರ ಸುತ್ತ ಕೂತರು. ಸಿನಿಮಾ ಅರ್ಧ ಗಂಟೆ ತಡವಾಯಿತು, ಪರವಾಗಿಲ್ಲ.